ಕರು ಜಗಲಿಗೆ ಹಾರಿತು, ಇಂಗ್ಲಿಷಿನಲ್ಲಿ ಹೇಗೆ?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಮೊನ್ನೆ ಎಂಟನೇ ಕ್ಲಾಸಿನ ಹುಡುಗನೊಬ್ಬ ಮನೆಯ ಕರುವಿನ ಬಗ್ಗೆ ಬರೆದಿದ್ದ: ‘ದ ಕಾಫ್ ಜಂಪ್ಡ್ ಆನ್ ದ ವೆರಾಂಡಾ.’

“ಕರು ಮೊದಲೇ ಜಗಲಿಯಲ್ಲಿ ಇತ್ತಾ? ಅಲ್ಲೇ ಕುಣಿಯಿತಾ?” ಎಂದು ಕೇಳಿದೆ.

“ಅಲ್ಲ ಮಾಷ್ಟ್ರೇ, ಅಂಗಳದಿಂದ ಜಗಲಿಗೆ ಹಾರಿದ್ದು.”

ಹಾಗಾದರೆ ‘ಜಂಪ್ಡ್ ಆನ್‌ಟು ದ ವೆರಾಂಡಾ’ ಎಂದರೆ ಚೆನ್ನ. ಉತ್ತರ ಅವನ ಬಾಯಲ್ಲೇ ಇತ್ತು. ‘ಜಗಲಿಗೆ’ ಎಂಬಲ್ಲಿ ‘ಗೆ’ ಇದೆಯಲ್ಲ, ‘ಆನ್‌ಟು’ವಿನ ಬಾಲದಲ್ಲಿರುವ ‘ಟು’ ಮಾಡುವುದೂ ಅದೇ ಕೆಲಸ. ‘ಆನ್’ ಅಂದರೆ ಮೇಲೆ ಇದೆ. ‘ಆನ್‌ಟು’ ಅಂದರೆ ಬೇರೆ ಕಡೆಯಿಂದ ಬಂದು ಮೇಲೆ ಸೇರಿತು. ನಮ್ಮನ್ನು ದಾರಿ ತಪ್ಪಿಸುವುದು ‘ಮೇಲೆ’ ಎಂಬ ಪದ. ‘ಜಗಲಿ ಮೇಲೆ ಹಾರಿತು’ ಎಂದರೆ ಕನ್ನಡದಲ್ಲಿ ಎರಡೂ ಆಗುತ್ತದೆ. ಮಲಯಾಳದಲ್ಲಿ ‘ಮುಗಳಿಲ್’ (ಮೇಲೆ) ಬೇರೆ, ‘ಮುಗಳಿಲೇಕ್ಕ್’ (ಮೇಲಕ್ಕೆ) ಬೇರೆ. ಕಾಸರಗೋಡಿನ ಮಕ್ಕಳಿಗೆ ಎರಡೂ ಭಾಷೆ ಬರುತ್ತದಲ್ಲ, ಹಾಗಾಗಿ ನಾನು ಆ ಜೋಡಿಯನ್ನೇ ಮೊದಲು ಬೋರ್ಡಿನಲ್ಲಿ ಬರೆಯುತ್ತೇನೆ.

ಹಾಗಂತ ಹುಡುಗ ಬರೆದದ್ದು ಪೂರ್ತಿ ತಪ್ಪಲ್ಲ. ಇಂಗ್ಲಿಷರೂ ಮಾತಿನಲ್ಲಿ ಇಂಥ ಕಡೆ ಬರೀ ‘ಆನ್’ ಎನ್ನುವುದುಂಟು. ‘ಪುಟ್ ಇಟ್ ಆನ್ ದ ಟೇಬಲ್’ ಎಂದರೆ ಯಾರಿಗೂ ಗೊಂದಲವಿಲ್ಲ. ಇಡುವುದು ಅಂದ ಮೇಲೆ ಅಲ್ಲಿಗೆ ಹೋಗಿ ಸೇರಲೇಬೇಕು. ಜಂಪ್, ರನ್, ವಾಕ್ ಹಾಗಲ್ಲ. ಅವು ಇದ್ದಲ್ಲೇ ನಡೆಯಬಹುದು. ಅಲ್ಲಿ ‘ಆನ್‌ಟು’ ಬರೆದರೆ ಸಂಶಯ ಉಳಿಯುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ‘ಹತ್ತು’ ಎಂಬ ನಮ್ಮ ಕ್ರಿಯಾಪದದ್ದು. ಏಣಿ ಹತ್ತಿದ, ಮಾಡು (ಮನೆಯ ಸೂರು) ಹತ್ತಿದ, ಅಡಿಕೆ ಮರ ಹತ್ತಿದ, ಬಸ್ಸು ಹತ್ತಿದ. ಎಲ್ಲದಕ್ಕೂ ಒಂದೇ ಪದ. ಮೇಲಕ್ಕೆ ಹೋಗುವುದು ಅದರ ಹೊಟ್ಟೆಯೊಳಗೇ ಇದೆ. ಹೇಗೆ ಹೋದ ಎಂಬುದನ್ನು ನಾವು ಪಕ್ಕದಲ್ಲಿ ಸೇರಿಸುತ್ತೇವೆ: ಓಡಿ ಹತ್ತಿದ, ತೆವಳಿ ಹತ್ತಿದ. ಇಂಗ್ಲಿಷಿನದು ಇದಕ್ಕೆ ತಿರುಗಾಮುರುಗಾ. ‘ರ‍್ಯಾನ್ ಅಪ್’, ‘ಕ್ರಾಲ್ಡ್ ಅಪ್’. ಕ್ರಿಯಾಪದ ರೀತಿಯನ್ನು ಹೇಳಿ, ದಾರಿ ತೋರಿಸುವ ಕೆಲಸವನ್ನು ಪುಟ್ಟ ಪದಕ್ಕೆ ಬಿಡುತ್ತದೆ. ಭಾಷೆಗಳ ನಡುವಿನ ಈ ವ್ಯತ್ಯಾಸವನ್ನು ಅಮೆರಿಕದ ಭಾಷಾವಿಜ್ಞಾನಿ ಲಿಯೊನಾರ್ಡ್ ಟಾಲ್ಮಿ ವಿವರವಾಗಿ ಬರೆದಿದ್ದಾರೆ. ‘ಅಸೆಂಡ್’, ‘ಮೌಂಟ್’ನಂಥ ಕೆಲವು ಪದಗಳು ನಮ್ಮ ‘ಹತ್ತು’ವಿನ ಹಾಗೆ ಒಂಟಿಯಾಗಿ ನಿಲ್ಲುತ್ತವೆ. ಅವು ಲ್ಯಾಟಿನ್, ಫ್ರೆಂಚ್ ಕಡೆಯಿಂದ ಬಂದ ನೆಂಟರು, ಅದಕ್ಕೇ.

ಈಗ ಮಳೆಗಾಲಕ್ಕೆ ಮುಂಚೆ ಹಂಚು ಸರಿ ಮಾಡುವವನನ್ನು ನೆನೆಸಿಕೊಳ್ಳಿ. ‘ಹೀ ಕ್ಲೈಂಬ್ಡ್ ಅಪ್ ದ ಲ್ಯಾಡರ್ ಆ್ಯಂಡ್ ಆನ್‌ಟು ದ ರೂಫ್.’ ಏಣಿ ದಾರಿ, ಅದಕ್ಕೆ ‘ಅಪ್’. ಮಾಡು ಕಾಲೂರುವ ಜಾಗ, ಅದಕ್ಕೆ ‘ಆನ್‌ಟು’. ಅಡಿಕೆ ಕೊಯ್ಯುವವನಿಗೆ ‘ಅಪ್’ ಸಾಕು. ‘ಆನ್‌ಟು’ ಹಾಕಿದರೆ ಮರದ ಮಂಡೆ ಮೇಲೆ ಹೋಗಿ ನಿಂತ ಹಾಗೆ ಕೇಳುತ್ತದೆ!

ಬಸ್ಸಿಗೆ ‘ಗೆಟ್ ಆನ್’, ಆಟೋಗೆ ‘ಗೆಟ್ ಇನ್‌ಟು’. ಎದ್ದು ನಡೆದಾಡುವಷ್ಟು ನೆಲ ಇದ್ದರೆ ‘ಆನ್’, ತಲೆ ಬಗ್ಗಿಸಿ ಒಳಗೆ ತೂರಬೇಕಾದರೆ ‘ಇನ್’ ಎಂದು ನೆನಪಿಟ್ಟುಕೊಂಡರೆ ಹೆಚ್ಚಿನ ಕಡೆ ಸರಿಹೋಗುತ್ತದೆ. ಬೈಕಿಗೆ ನೆಲವೇ ಇಲ್ಲ, ಆದರೂ ‘ಆನ್’. ಅದರ ಮೇಲೆ ಕೂರುತ್ತೇವಲ್ಲ.

ಇನ್ನೊಂದು ಎಡವಟ್ಟು, ಬಿಡಿಸಿ ಬರೆಯುವ ‘ಆನ್ ಟು’. ‘ವಿ ವೆಂಟ್ ಆನ್ ಟು ಮಂಜೇಶ್ವರ’ ಅಂದರೆ ಕುಂಬಳೆಯಲ್ಲಿ ಚಾ ಕುಡಿದು ಮುಂದೆ ಮಂಜೇಶ್ವರಕ್ಕೆ ಹೋದೆವು ಅಂತ. ಇಲ್ಲಿ ‘ಆನ್’ ಸೇರುವುದು ‘ವೆಂಟ್’ ಜೊತೆಗೆ. ಕೂಡಿಸಿದರೆ ಊರಿನ ಮೇಲೆ ಹತ್ತಿದಂತೆ! ‘ಇನ್‌ಟು’ ಬಹಳ ಹಳೆಯ ಪದ. ‘ಆನ್‌ಟು’ ಒಂದೇ ಪದವಾದದ್ದು ಎಷ್ಟೋ ಕಾಲದ ನಂತರ. ಬ್ರಿಟನ್ನಿನ ಕೆಲವರು ಈಗಲೂ ಎಲ್ಲ ಕಡೆ ಬಿಡಿಸಿಯೇ ಬರೆಯುತ್ತಾರೆ, ಅವರೊಡನೆ ಜಗಳ ಬೇಡ.

ಇಷ್ಟೆಲ್ಲ ಹೇಳಿದ ಮೇಲೆ ಅದೇ ಹುಡುಗ ಹೊಸ ವಾಕ್ಯ ಬರೆದು ತಂದ: ‘ಎ ಕೋಕನಟ್ ಫೆಲ್ ಆನ್‌ಟು ದ ರೂಫ್.’ ಸರಿಯಾಗಿಯೇ ಇತ್ತು. ‘ಆನ್‌ಟು’ ಮೇಲೆ ಹತ್ತುವುದಕ್ಕೆ ಮಾತ್ರ ಅಲ್ಲ, ಮೇಲಿನಿಂದ ಬಂದು ಕೂರುವುದಕ್ಕೂ ಸಲ್ಲುತ್ತದೆ. “ಫೆಲ್ ಡೌನ್ ಆನ್‌ಟು ಅಂತಲೂ ಬರೆಯಬಹುದು” ಎಂದೆ.

“ಬೀಳುವುದು ಕೆಳಗೇ ಅಲ್ವಾ ಮಾಷ್ಟ್ರೇ, ಡೌನ್ ಯಾಕೆ?”