ಸಡಿಲ ಮಾಡೋರು ಒಬ್ರು, ಹೊತ್ತೊಯ್ಯೋರು ಇನ್ನೊಬ್ರು: ಗುಡ್ಡ ಕುಸಿತ, ಹೊಳೆ, ನನ್ನ ನೋಟ್ಸು

ಗುಡ್ಡ ಕುಸಿತ, ಹೊಳೆ ಬಗ್ಗೆ ಇರೋ ಈ ಚಾಪ್ಟರ್ ಓದ್ತಾ ಮೊದ್ಲು ನಂಗೆ ತಲೆ ಕೆಟ್ಟಿದ್ದು ಒಂದೇ ವಿಷಯಕ್ಕೆ. ಉದಾಹರಣೆ ಎಲ್ಲ ತೈವಾನ್, ಸಿಚುವಾನ್, ನೇಪಾಳದ್ದು, ಭೂಕಂಪ ಆಗಿ ಗುಡ್ಡ ಜರಿದಿದ್ದು. ನಮ್ಮ ಉತ್ತರ ಕನ್ನಡದ ಕಡೆ ಅಂಥ ದೊಡ್ಡ ಭೂಕಂಪ ಆಗಿದ್ದು ಅಜ್ಜನ ಕಾಲದೋರಿಗೂ ನೆನಪಿಲ್ಲ, ಆದ್ರೂ ಗುಡ್ಡ ಜರಿದಿದ್ದು ಕಡವಾಡ ಆಯ್ತು, ಕಳಚೆ ಆಯ್ತು, ಶಿರೂರು ಆಯ್ತು, ಹಂಗಾದ್ರೆ ಈ ಪಾಠ ನಮಗೆ ಯಾಕೆ ಅಂತ. ಎರಡು ಸಲ ಓದಿದ್ಮೇಲೆ ಗೊತ್ತಾಗಿದ್ದು, ಪ್ರಶ್ನೆನೇ ಬೇರೆ ಥರ ಕೇಳ್ಕೋಬೇಕು: ಮಣ್ಣನ್ನ ಸಡಿಲ ಮಾಡಿದ್ದು ಯಾರು, ಕೆಳಗೆ ತಳ್ಳಿದ್ದು ಯಾರು, ಹೊತ್ಕೊಂಡು ಹೋಗಿದ್ದು ಯಾರು. ಮೂರಕ್ಕೂ "ಮಳೆ" ಅಂತ ಒಂದೇ ಹೆಸರು ಬರೆದ್ರೆ ಉತ್ತರ ಅರ್ಧ ತಪ್ಪು.

ಮಳೆಯಿಂದಲೇ ಶುರು ಮಾಡೋಣ. ಯಾರನ್ನ ಕೇಳಿದ್ರೂ "ಮಣ್ಣು ನೀರು ಕುಡಿದು ಭಾರ ಆಯ್ತು, ಜಾರ್ತು" ಅಂತಾರೆ, ನಾನೂ ಪಿಯುಸಿಲಿ ಹಂಗೇ ಬರೆದು ಬಂದವನು. ಭಾರ ಆಗೋದು ನಿಜ, ಆದ್ರೆ ಅದು ಚಿಕ್ಕ ಕಾರಣ. ಹೊಳೆಗೆ ಈಜೋಕೆ ಹೋದಾಗ ನೀರೊಳಗಿನ ಗುಂಡುಕಲ್ಲು ಎತ್ತಿ ನೋಡಿ, ಮುಳುಗಿರೋವರೆಗೂ ಹಗುರ, ನೀರಿಂದ ಮೇಲೆ ಬಂದ ತಕ್ಷಣ ಕೈ ಜಗ್ಗತ್ತೆ. ಇಳಿಜಾರಿನ ಮಣ್ಣಲ್ಲೂ ಇದೇ ಕತೆ. ಕಣದ ಮೇಲೆ ಕಣ ಒತ್ತಿ ಕೂತಿರೋದ್ರಿಂದ ಘರ್ಷಣೆ, ಆ ಘರ್ಷಣೆಯಿಂದಲೇ ಗುಡ್ಡ ನಿಂತಿರೋದು. ಸಂದಿಲಿ ನೀರು ತುಂಬಿ ಅದರ ಒತ್ತಡ ಏರಿದ್ರೆ ಕಣಗಳನ್ನ ಒಳಗಿಂದ ಎತ್ತಿ ಹಿಡಿದ ಹಾಗೆ ಆಗತ್ತೆ, ಒತ್ತು ಕಮ್ಮಿ, ಹಿಡಿತ ಕಮ್ಮಿ. ಆ ನೀರಿನ ಒತ್ತಡಕ್ಕೆ ರಂಧ್ರ ಒತ್ತಡ ಅಂತಾರೆ, ಅದು ಏರಿದಷ್ಟೂ ಹಿಡಿತ ಕಮ್ಮಿ ಅನ್ನೋದು ಮಣ್ಣಿನ ಇಂಜಿನಿಯರ್ ಟೆರ್ಜಾಗಿ ಹೇಳಿದ ತತ್ವ. ಲೆಕ್ಕ ಹಾಕಿ ನೋಡಿದ್ರೆ ಗಾಬರಿ ಆಗತ್ತೆ: ಅಂಟು ಇಲ್ಲದ ಮಣ್ಣು ಒಣಗಿದ್ದಾಗ 34 ಡಿಗ್ರಿ ಇಳಿಜಾರಿನವರೆಗೂ ನಿಲ್ಲತ್ತೆ ಅಂದ್ಕೊಳ್ಳಿ, ಅದೇ ಮಣ್ಣು ಮೇಲಿನವರೆಗೂ ನೀರು ತುಂಬಿ ಆ ನೀರು ಇಳಿಜಾರಿನುದ್ದ ಹರೀತಾ ಇದ್ರೆ ನಿಲ್ಲೋದು ಸುಮಾರು 18-19 ಡಿಗ್ರಿವರೆಗೆ ಮಾತ್ರ. ಬೇರು, ಜೇಡಿಯ ಅಂಟು ಇವೆಲ್ಲ ಇರೋದಕ್ಕೆ ನಮ್ಮ ಘಟ್ಟ ಪ್ರತಿ ಜುಲೈನಲ್ಲೂ ಉಳ್ಕೊಳ್ತಿರೋದು.

ಎಷ್ಟು ಮಳೆ ಬಂದ್ರೆ ಜರಿಯತ್ತೆ? ನೆಲ್ ಕೇನ್ ಅನ್ನೋರು 1980ರಲ್ಲಿ ಬೇರೆ ಬೇರೆ ಕಡೆಯ ಕುಸಿತಗಳ ಮಳೆ ಲೆಕ್ಕ ಒಟ್ಟು ಹಾಕಿ ಒಂದು ಗೆರೆ ಎಳೆದ್ರು. ತೀವ್ರತೆ (ಗಂಟೆಗೆ ಇಷ್ಟು ಮಿಮೀ) ಸಮ 14.82 ಗುಣಿಸು ಅವಧಿ (ಗಂಟೆಲಿ) ಘಾತ ಮೈನಸ್ 0.39. 24 ಗಂಟೆ ಹಾಕಿದ್ರೆ ಗಂಟೆಗೆ ಸುಮಾರು 4.3 ಮಿಮೀ, ಅಂದ್ರೆ ದಿನಕ್ಕೆ 103 ಮಿಮೀ. ಇಲ್ಲೇ ನಂಗೆ ನಗು ಬಂದಿದ್ದು, ಕಾರವಾರದಲ್ಲಿ ಜುಲೈ ತಿಂಗಳು ದಿನಕ್ಕೆ 103 ಮಿಮೀ ಅಂದ್ರೆ ಶಾಲೆಗೆ ರಜೆ ಕೊಡ್ತಾರೋ ಇಲ್ವೋ ಅನ್ನೋ ಚರ್ಚೆ ಅಷ್ಟೇ. ಹವಾಮಾನ ಇಲಾಖೆ ಅತ್ಯಂತ ಭಾರಿ ಅನ್ನೋದೇ 204.4 ಮಿಮೀ ದಾಟಿದ್ಮೇಲೆ. ಹಾಗಂತ ಕೇನ್ ಅವರ ಗೆರೆ ತಪ್ಪಲ್ಲ, ಅದು ಕನಿಷ್ಠ ಮಿತಿ. ವರ್ಷವರ್ಷ ಜಾಸ್ತಿ ಮಳೆ ತಿನ್ನೋ ಗುಡ್ಡ ಆ ಮಳೆಗೆ ಜಾರೋದನ್ನೆಲ್ಲ ಯಾವತ್ತೋ ಜಾರಿಸಿ ಮುಗಿಸಿರತ್ತೆ. ಜೊತೆಗೆ ಹಿಂದಿನ ವಾರಗಳ ಮಳೆನೂ ಲೆಕ್ಕಕ್ಕೆ ಬರತ್ತೆ. ಕಡವಾಡದ ಝರಿವಾಡ ಕುಸಿದು 19 ಜನ ಹೋಗಿದ್ದು 2009ರ ಅಕ್ಟೋಬರ್ 2ಕ್ಕೆ, ಮಳೆಗಾಲ ಮುಗೀತು ಅಂತ ಕೊಡೆ ಮಡಚಿಡೋ ಹೊತ್ತಿಗೆ. ನೆಲ ಆಗ್ಲೇ ನಾಲ್ಕು ತಿಂಗಳು ನೀರು ಕುಡಿದಿತ್ತು.

ಭೂಕಂಪದ ಕೆಲಸ ಬೇರೆ ಥರ. ಅಲ್ಲಿ ನೀರು ಬೇಕಂತಿಲ್ಲ, ನೆಲನೇ ಅಕ್ಕಪಕ್ಕ ಅಲ್ಲಾಡಿ ತಳ್ಳತ್ತೆ. ಅಲೆ ಗುಡ್ಡದೊಳಗೆ ಮೇಲೆ ಹೋದ ಹಾಗೆ ನೆತ್ತಿಲಿ ಅಲುಗಾಟ ಜೋರಾಗತ್ತೆ, ಅಡಿಕೆ ಮರ ಗಾಳಿಗೆ ಬುಡದಲ್ಲಿ ಅಲ್ಲಾಡಲ್ಲ, ತುದಿ ಮಾತ್ರ ತೂಗಾಡತ್ತಲ್ಲ, ಕಣ್ಣಿಗೆ ಹಾಗೆ ಅಂದ್ಕೊಳ್ಳಿ (ಒಳಗಿನ ಕಾರಣ ಪೂರ್ತಿ ಅದೇ ಅಲ್ಲ). ಅದಕ್ಕೆ ಭೂಕಂಪದ ಕುಸಿತಗಳು ಏಣು, ನೆತ್ತಿ ಹತ್ರ ಜಾಸ್ತಿ. ಮಳೆಯವು ಕೆಳಗೆ, ಹಳ್ಳದ ಅಂಚಲ್ಲಿ ಜಾಸ್ತಿ, ಯಾಕಂದ್ರೆ ಒಳನೀರು ಬಂದು ಸೇರೋದು ಅಲ್ಲಿ, ಹೊಳೆ ಬುಡ ಕೊರೆಯೋದೂ ಅಲ್ಲೇ. ಈ ಒಂದು ವ್ಯತ್ಯಾಸ ನೆನಪಿಟ್ಕೊಳ್ಳಿ, ಮುಂದಿನದೆಲ್ಲ ಇದ್ರಿಂದ ಬರತ್ತೆ. ನೆತ್ತಿಲಿ ಜಾರಿದ ಮಣ್ಣಲ್ಲಿ ಬಹುಪಾಲು ತಕ್ಷಣ ಹೊಳೆಗೆ ಮುಟ್ಟಲ್ಲ, ಅರ್ಧ ದಾರಿಲಿ ಕೂತಿರತ್ತೆ.

1999ರ ಸೆಪ್ಟೆಂಬರ್ 21ಕ್ಕೆ ತೈವಾನಿನ ಚಿ-ಚಿ ಭೂಕಂಪ, 7.6 ತೀವ್ರತೆ, 20,000ಕ್ಕೂ ಜಾಸ್ತಿ ಕುಸಿತ. ಬಹುಪಾಲು ಮಣ್ಣು ಇಳಿಜಾರಲ್ಲೇ ಉಳೀತು. 2001ರ ಜುಲೈಲಿ ತೊರಾಜಿ ಚಂಡಮಾರುತ ಬಂತು, ಮತ್ತೆ ಸುಮಾರು 30,000 ಕುಸಿತ, ಹೊಳೆ ನೀರಲ್ಲಿ ತೇಲೋ ಹೂಳಿನ ಪ್ರಮಾಣ ಸರಾಸರಿ ನಾಲ್ಕು ಪಟ್ಟು. ಅಂದ್ರೆ ಭೂಕಂಪ ಸಡಿಲ ಮಾಡಿ ಹೋಯ್ತು, ವಸೂಲಿಗೆ ಬಂದಿದ್ದು ಮಳೆ, ಅದೂ ಎರಡು ವರ್ಷ ಬಿಟ್ಟು. ಭೂಕಂಪ ಆಗಿ ಐದಾರು ವರ್ಷದಲ್ಲಿ ಹೂಳು ನಿಧಾನಕ್ಕೆ ಹಳೇ ಮಟ್ಟಕ್ಕೆ ಬಂತು. ಭೂಕಂಪ ಇಲ್ಲದೇನೂ ಮಳೆ ಒಂದೇ ಸಾಕಾಗತ್ತೆ, 2009ರ ಆಗಸ್ಟ್‌ನ ಮೊರಾಕಾಟ್ ಚಂಡಮಾರುತದಲ್ಲಿ ಅಲಿಶಾನ್ ಗುಡ್ಡದ ಮೇಲೆ ಕೆಲವೇ ದಿನದಲ್ಲಿ 2,500 ಮಿಮೀಗೂ ಜಾಸ್ತಿ ಸುರೀತು, ಶಿರಸಿಗೆ ಇಡೀ ವರ್ಷಕ್ಕೆ ಬರೋದು ಹತ್ರತ್ರ ಅಷ್ಟೇ.

ಒಂದು ಅಡ್ಡ ಮಾತು, ಪರೀಕ್ಷೆಗೆ ಬರಲ್ಲ ಆದ್ರೆ ನಂಗೆ ತುಂಬಾ ಇಷ್ಟ ಆಯ್ತು. ಭೂಕಂಪ ಬೆಟ್ಟ ಎತ್ತರ ಮಾಡತ್ತಾ ತಗ್ಗಿಸತ್ತಾ? ಸಿಚುವಾನಿನ 2008ರ ವೆಂಚುವಾನ್ ಭೂಕಂಪದಲ್ಲಿ ನೆಲ ಮೇಲೆದ್ದ ಒಟ್ಟು ಗಾತ್ರ ಸುಮಾರು 2.6 ಘನ ಕಿಲೋಮೀಟರ್, ಜರಿದು ಬಿದ್ದಿದ್ದು 5ರಿಂದ 15 ಅಂತ ಮೊದಲ ಲೆಕ್ಕ, ಆಮೇಲಿನ ಲೆಕ್ಕ ಸುಮಾರು 3ಕ್ಕೆ ಇಳಿಸ್ತು. ಹೆಚ್ಚುಕಮ್ಮಿ ಎತ್ತಿದಷ್ಟೂ ಉದುರಿಸಿದ ಹಾಗೆ.

ಇನ್ನು ಹೊಳೆ. ನೀರು ಬರೀ ನೀರಾಗಿ ಬಂಡೆಯನ್ನ ಅಷ್ಟು ಸುಲಭಕ್ಕೆ ಕೊರೆಯಲ್ಲ, ಅದ್ಕೆ ಕಲ್ಲು ಬೇಕು. ಬೇಸಿಗೆಲಿ ಅಘನಾಶಿನಿ ಹೊಳೆಯ ಬಂಡೆ ಮೇಲೆ ನಡೆದ್ರೆ ಒರಳಿನ ಹಾಗೆ ದುಂಡಗಿನ ಗುಂಡಿ ಕಾಣತ್ತಲ್ಲ, ಕೈ ಹಾಕಿದ್ರೆ ತಳದಲ್ಲಿ ನಾಲ್ಕಾರು ನುಣ್ಣನೆ ಕಲ್ಲು ಸಿಗತ್ತೆ, ಆ ಗುಂಡಿ ರುಬ್ಬಿದ್ದು ಅವೇ. ಕಲ್ಲೇ ಇಲ್ಲದಿದ್ರೆ ರುಬ್ಬೋಕೆ ಏನೂ ಇಲ್ಲ; ಕಲ್ಲು ವಿಪರೀತ ಬಂದ್ರೆ ಬಂಡೆಗೆ ಹೊದಿಕೆ ಹಾಕಿದ ಹಾಗೆ, ಆಗ್ಲೂ ಸವೆಯಲ್ಲ. ಮಧ್ಯದ ಪ್ರಮಾಣದಲ್ಲೇ ಸವೆತ ಗರಿಷ್ಠ. ಹಾಗಾಗಿ ದೊಡ್ಡ ಕುಸಿತ ಆದ ಹೊಳೆಲಿ ತಳ ಕೊರೆಯೋದು ಸ್ವಲ್ಪ ಕಾಲ ನಿಂತು, ತಳನೇ ಮೇಲೇರಿ, ದಂಡೆ ಒಡ್ಕೊಂಡು ಅಗಲ ಆಗತ್ತೆ. ಒಮ್ಮೊಮ್ಮೆ ಮಣ್ಣು ಹೊಳೆಗೇ ಅಡ್ಡ ಬಿದ್ದು ಕಟ್ಟೆ ಆಗತ್ತೆ, 1950ರ ಅಸ್ಸಾಂ ಭೂಕಂಪದಲ್ಲಿ ಸುಬನ್ಸಿರಿ ನದಿಗೆ ಹೀಗಾಗಿ, ಕೆಲವು ದಿನ ಬಿಟ್ಟು ಕಟ್ಟೆ ಒಡೆದು ನೂರಾರು ಜನ ಸತ್ರು. ಮಳೆ ಹೊಡೀತಾ ಇರೋವಾಗ ಹಳ್ಳದ ನೀರು ಇದ್ದಕ್ಕಿದ್ದ ಹಾಗೆ ಕಮ್ಮಿ ಆದ್ರೆ ಖುಷಿ ಪಡಬಾರದು ಅನ್ನೋದು ಇದಕ್ಕೇ, ಮೇಲೆ ಎಲ್ಲೋ ಕಟ್ಕೊಂಡಿರಬಹುದು, ಹಳ್ಳದ ಹತ್ರ ನಿಲ್ಲದೆ ಎತ್ತರಕ್ಕೆ ಹೋಗಿ.

ಈಗ ನಮ್ಮ ಗುಡ್ಡಕ್ಕೆ ಬನ್ನಿ. ನಮ್ಮಲ್ಲಿ ಭೂಕಂಪದ ಕೆಲಸ ಯಾರು ಮಾಡ್ತಿದಾರೆ? ನನ್ನ ಉತ್ತರ: ಒಂದು, ಲಕ್ಷಾಂತರ ವರ್ಷದ ಶಿಥಿಲೀಕರಣ; ಇನ್ನೊಂದು, ಜೆಸಿಬಿ. ಕರಾವಳಿಲಿ ಮೇಲೆ ಚಿರೇಕಲ್ಲು, ನೋಡೋಕೆ ಗಟ್ಟಿ, ನೀರು ಸಲೀಸಾಗಿ ಒಳಗಿಳಿಯತ್ತೆ. ಅದರ ಕೆಳಗೆ ಶೇಡಿ ಮಣ್ಣು, ಒಣಗಿದ್ದಾಗ ಕತ್ತರಿಸಿದ್ರೆ ಗೋಡೆ ಹಾಗೆ ನಿಲ್ಲತ್ತೆ, ನೀರು ಕುಡಿದ್ರೆ ಬೆಣ್ಣೆ. ರಸ್ತೆಗೋ ಮನೆಗೋ ಅಂತ ಬುಡ ಕಡಿದು ನೆಟ್ಟಗೆ ಧರೆ ಮಾಡಿದ್ರೆ ಆ ಶೇಡಿ ಪದರಕ್ಕೆ ಕೆಳಗಿನ ಆಸರೆ ಹೋಯ್ತು, ಆಮೇಲೆ ಮಳೆ ಮಾಡೋದು ಕೊನೇ ಕೆಲಸ ಮಾತ್ರ. 2024ರ ಜುಲೈ 16ಕ್ಕೆ ಶಿರೂರಲ್ಲಿ ಗುಡ್ಡ ಹೆದ್ದಾರಿ ದಾಟಿ ಗಂಗಾವಳಿ ನದಿಗೆ ಬಿತ್ತು, ಎದ್ದ ನೀರು ಆಚೆ ದಂಡೆಯ ಉಳುವರೆಯ ಮನೆಗಳಿಗೆ ನುಗ್ತು. ಆ ಕುಸಿತಕ್ಕೆ ಸಿಕ್ಕಿ ನದಿಲಿ ಮುಳುಗಿದ್ದ ಒಂದು ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ.

ಹೊಳೆ ಯಾವ್ದನ್ನ ಎಷ್ಟು ದೂರ ಹೊತ್ತೊಯ್ಯತ್ತೆ ಅಂತ ನೋಡೋಕೆ ಹೋದ ಮಳೆಗಾಲ ಒಂದು ಬಾಟಲಿಲಿ ಅಘನಾಶಿನಿಯ ಕೆಂಪು ನೀರು ತುಂಬಿ ಕಿಟಕಿ ಮೇಲಿಟ್ಟಿದ್ದೆ. ಹೊಯ್ಗೆ ನಾನು ಬಾಟಲಿ ಇಡೋದ್ರೊಳಗೆ ತಳಕ್ಕೆ ಕೂತಿತ್ತು. ಅದರ ಮೇಲೆ ರೇವೆಯ ತೆಳು ಪದರ ಆಗೋಕೆ ಸಂಜೆ ಆಯ್ತು. ಮೂರನೇ ದಿನ ಅಮ್ಮ "ಇದೇನೋ ಕಷಾಯ" ಅಂತ ಕೇಳಿದಾಗ್ಲೂ ಮೇಲಿನ ನೀರು ಹಾಲು ಕಮ್ಮಿ ಹಾಕಿದ ಚಾ ಬಣ್ಣನೇ, ಜೇಡಿ ಇನ್ನೂ ಇಳಿದಿರಲಿಲ್ಲ. ಹೊಳೆಲೂ ಹೀಗೇ, ಜೇಡಿ ಆ ಪ್ರವಾಹದಲ್ಲೇ ಸಮುದ್ರ ಸೇರತ್ತೆ, ಗುಂಡುಕಲ್ಲು ದಶಕಗಟ್ಟಲೆ ಮೇಲೇ ಉಳಿಯತ್ತೆ. ಕಾಳಿ ನದಿಲಿ ಸೂಪಾದಿಂದ ಕದ್ರಾವರೆಗೆ ಅಣೆಕಟ್ಟಿನ ಸಾಲು, ಹೂಳಿನ ಬಹುಪಾಲು ಅಲ್ಲಲ್ಲೇ ಕೂರತ್ತೆ. ಅಘನಾಶಿನಿಗೆ ಅಂಥ ದೊಡ್ಡ ಅಣೆಕಟ್ಟಿಲ್ಲ, ಶಿರಸಿ ಕಡೆ ಧರೆ ಕುಸಿದ ಮಣ್ಣು ಉಂಚಳ್ಳಿ ಜಲಪಾತ ಹಾರಿ ತದಡಿ ಅಳಿವೆಯ ಗಜನಿ ಅನ್ನೋ ಉಪ್ಪುನೀರಿನ ಗದ್ದೆವರೆಗೂ, ಬಳಚು ಚಿಪ್ಪು ಹೆಕ್ಕೋ ಜಾಗದವರೆಗೂ ಬರತ್ತೆ.