ಹೌಸ್ ಎಡ್ಜ್: ಛೇದ ಮರೆತ ಶೇಕಡಾವಾರು

‘ರೂಲೆಟ್‌ನಲ್ಲಿ ಆಟಗಾರ ಗೆಲ್ಲುವ ಸಾಧ್ಯತೆ ಶೇಕಡಾ 97.3’ ಎಂಬ ಸಾಲು ಮತ್ತೊಮ್ಮೆ ಕಣ್ಣಿಗೆ ಬಿತ್ತು. ಆಟಗಾರರಿಗೆ ಅತ್ಯಂತ ಅನುಕೂಲಕರವಾದ ಕ್ಯಾಸಿನೊ ಆಟಗಳು ಯಾವುವು ಎಂದು ಸಾಲಾಗಿ ಜೋಡಿಸಿಕೊಡುವ ಪಟ್ಟಿಗಳಲ್ಲಿ ಈ ಮಾತು ಒಂದರಿಂದ ಇನ್ನೊಂದಕ್ಕೆ ನಕಲಾಗುತ್ತಲೇ ಇರುತ್ತದೆ. ನೂರು ಸಲ ಆಡಿದವರನ್ನು ತೊಂಬತ್ತೇಳು ಸಲ ಗೆಲ್ಲಿಸುವ ಆಟವನ್ನು ಯಾವ ಜೂಜುಮನೆ ತಾನೇ ನಡೆಸೀತು ಎಂಬ ಅನುಮಾನವೂ ಬರೆಯುವವರಿಗೆ ಬಂದಂತಿಲ್ಲ. ಅಂಕಿಯೇನೋ ಸರಿ, ಅದಕ್ಕೆ ಅಂಟಿಸಿದ ಹೆಸರು ತಪ್ಪು. ಪಣದಲ್ಲಿ ಕ್ಯಾಸಿನೊಗೆ ಸರಾಸರಿ ಉಳಿಯುವ ಪಾಲು, ಅಂದರೆ ಹೌಸ್ ಎಡ್ಜ್ ಆದ 2.7ನ್ನು ನೂರರಿಂದ ಕಳೆದರೆ ಉಳಿಯುವುದು 97.3. ಎಷ್ಟು ಸಲ ಗೆಲ್ಲುತ್ತೀರಿ ಎಂಬುದರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ರೂಲೆಟ್ ಎಂದರೆ ತಿರುಗುವ ಚಕ್ರದ ಯಾವ ಗುಳಿಗೆ ಗೋಲಿ ಬೀಳುತ್ತದೆ ಎಂದು ಪಣ ಕಟ್ಟುವ ಆಟ. ಬಿಡಿಸಿ ನೋಡಲು ಒಂದೇ ಸೊನ್ನೆಯ ಯುರೋಪಿಯನ್ ಚಕ್ರ ಸಾಕು. ಅದರಲ್ಲಿ 37 ಗುಳಿಗಳು: 1ರಿಂದ 36, ಜೊತೆಗೊಂದು ಸೊನ್ನೆ. ಒಂದು ಅಂಕಿಯ ಮೇಲೆ ಒಂದು ಬಿಲ್ಲೆ ಇಟ್ಟವರಿಗೆ ಗೆಲುವಿನ ದಾರಿ ಒಂದು, ಸೋಲಿನ ದಾರಿ 36. ಲೆಕ್ಕ ಸಮನಾಗಬೇಕಾದರೆ ಗೆದ್ದಾಗ ಒಂದಕ್ಕೆ 36 ಕೊಡಬೇಕು, ಕೊಡುವುದು 35. ಮೂವತ್ತೇಳೂ ಗುಳಿಗಳ ಮೇಲೆ ಒಂದೊಂದು ಬಿಲ್ಲೆ ಇಟ್ಟು ನೋಡಿ. ಗೋಲಿ ಎಲ್ಲೇ ಬೀಳಲಿ, ಗೆದ್ದ 35 ಮತ್ತು ಅಲ್ಲಿಟ್ಟಿದ್ದ 1 ಸೇರಿ ಕೈಗೆ ಬರುವುದು 36. ಒಂದು ಹೋಯಿತು. 37ರಲ್ಲಿ 1 ಎಂದರೆ ಶೇ 2.70. ಇಷ್ಟೇ ಹೌಸ್ ಎಡ್ಜ್: ಪಣಕ್ಕಿಟ್ಟ ಮೊತ್ತದಲ್ಲಿ ಸರಾಸರಿ ಎಷ್ಟು ಪಾಲು ಮೇಜಿನ ಆಚೆ ಬದಿಗೆ ಸರಿಯುತ್ತದೆ ಎಂಬುದು.

ಕೆಂಪು ಬಣ್ಣದ ಮೇಲಿಟ್ಟರೆ ಗೆಲ್ಲುವ ಸಾಧ್ಯತೆ 37ರಲ್ಲಿ 18, ಅಂದರೆ ಶೇ 48.65. ಒಂಟಿ ಅಂಕಿಯ ಮೇಲಿಟ್ಟರೆ ಶೇ 2.70. ಗೆಲುವಿನ ಸಾಧ್ಯತೆಯಲ್ಲಿ ಆಕಾಶ ಭೂಮಿಯಷ್ಟು ಅಂತರವಿದ್ದರೂ ಎರಡರ ಹೌಸ್ ಎಡ್ಜ್ ಒಂದೇ. ಒಂಟಿ ಅಂಕಿಯ ವಿಷಯದಲ್ಲಿ ಗೆಲುವಿನ ಸಾಧ್ಯತೆಯೂ ಹೌಸ್ ಎಡ್ಜ್ ಕೂಡ 2.70 ಆಗಿರುವುದು ಗೊಂದಲಕ್ಕೆ ಇನ್ನಷ್ಟು ತುಪ್ಪ ಸುರಿದಿದೆ. ‘ಸೊನ್ನೆಯೇ ಕ್ಯಾಸಿನೊದ ಲಾಭ’ ಎನ್ನುವುದೂ ಅರ್ಧ ಸತ್ಯ. ಒಂದಕ್ಕೆ 36 ಕೊಡುವ ಮೇಜಿನಲ್ಲಿ ಸೊನ್ನೆ ಇದ್ದೂ ಯಾರಿಗೂ ತೊಂದರೆಯಿಲ್ಲ. ಎರಡು ಸೊನ್ನೆಗಳ ಅಮೆರಿಕನ್ ಚಕ್ರದಲ್ಲಿ 35ರ ದರವನ್ನೇ ಉಳಿಸಿಕೊಂಡಿರುವುದರಿಂದ ಎಡ್ಜ್ 5.26ಕ್ಕೆ ಏರುತ್ತದೆ. ಅದೇ ಚಕ್ರದಲ್ಲಿ ಎರಡು ಸೊನ್ನೆಗಳು, 1, 2, 3 ಈ ಐದರ ಮೇಲೆ ಒಟ್ಟಿಗೆ ಕಟ್ಟುವ ಬಾಜಿಗೆ ಒಂದಕ್ಕೆ ಆರು ಮಾತ್ರ ಕೊಡುತ್ತಾರೆ. ಅಲ್ಲಿ ಎಡ್ಜ್ 7.89. ಚಕ್ರ ಒಂದೇ, ಗೋಲಿ ಒಂದೇ, ದರ ಬೇರೆ. ‘ರೂಲೆಟ್‌ನ ಹೌಸ್ ಎಡ್ಜ್ ಎಷ್ಟು’ ಎಂದು ಕೇಳುವವರು ಯಾವ ಚಕ್ರ, ಯಾವ ಬಾಜಿ ಎಂದೂ ಹೇಳಬೇಕು. ಸೊನ್ನೆ ಬಿದ್ದಾಗ ಕೆಂಪು-ಕಪ್ಪು, ಸರಿ-ಬೆಸದಂಥ ಸಮದರದ ಬಾಜಿಗಳ ಅರ್ಧ ಪಣವನ್ನು ಹಿಂದಿರುಗಿಸುವ ‘ಲಾ ಪಾರ್ತಾಜ್’ ನಿಯಮವಿದ್ದರೆ ಆ ಬಾಜಿಗಳ ಎಡ್ಜ್ 1.35ಕ್ಕೆ ಇಳಿಯುತ್ತದೆ.

ಇವೆಲ್ಲ ಪುಟ್ಟ ತಪ್ಪುಗಳು. ನಿಜವಾಗಿ ತಾಳ್ಮೆಗೆಡಿಸುವುದು ಛೇದದ ಮರೆವು. ಶೇಕಡಾ ಎಂದ ಮೇಲೆ ಯಾವುದರ ಶೇಕಡಾ ಎಂಬ ಪ್ರಶ್ನೆ ಬೆನ್ನಿಗೇ ಬರಬೇಕು. ಈ ಪಟ್ಟಿಗಳಲ್ಲಿ ಅದು ಬರುವುದೇ ಇಲ್ಲ. ಸ್ಲಾಟ್ ಯಂತ್ರದ ಮೇಲೆ ‘ಆಟಗಾರನಿಗೆ ವಾಪಸು ಶೇ 96’ ಎಂದಿದ್ದರೆ, ‘ನೂರು ತೆಗೆದುಕೊಂಡು ಹೋದರೆ ತೊಂಬತ್ತಾರರೊಂದಿಗೆ ಮನೆಗೆ ಬರಬಹುದು’ ಎಂದು ವ್ಯಾಖ್ಯಾನ ಬರೆಯುತ್ತಾರೆ. ಆ 96 ಜೇಬಿನಲ್ಲಿದ್ದ ಹಣದ ಲೆಕ್ಕವಲ್ಲ. ಪ್ರತಿ ಸಲ ಗುಂಡಿ ಒತ್ತುವಾಗ ಇಟ್ಟ ಪಣದ ಲೆಕ್ಕ. ಗೆದ್ದ ಬಿಲ್ಲೆಯನ್ನು ಮತ್ತೆ ಅದೇ ಯಂತ್ರದ ಬಾಯಿಗೆ ಹಾಕಿದಾಗ ಅದು ಹೊಸ ಪಣ, ಅದರ ಮೇಲೂ ಹೊಸದಾಗಿ ಶೇ 4ರ ಕಡಿತ. ನೂರನ್ನು ಒಂದು ಸುತ್ತು ಪೂರ್ತಿ ಆಡಿದರೆ ಸರಾಸರಿ ಉಳಿಯುವುದು 96. ಅದನ್ನೇ ಮತ್ತೊಂದು ಸುತ್ತು ಆಡಿದರೆ 92.16. ಹತ್ತು ಸುತ್ತು ಮುಗಿಯುವಾಗ 66.5ರ ಆಸುಪಾಸು, ಹದಿನೇಳನೆಯ ಸುತ್ತಿಗೆ ಅರ್ಧಕ್ಕರ್ಧ. ಯಂತ್ರದ ಮುಂದೆ ಒಂದು ಸಂಜೆ ಕೂತವರು ಕೈಯಲ್ಲಿದ್ದ ಹಣವನ್ನು ಎಷ್ಟು ಸುತ್ತು ತಿರುಗಿಸಿರುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅಮೆರಿಕದ ನೆವಾಡ ರಾಜ್ಯದಲ್ಲಿ ಯಂತ್ರಗಳು ಕನಿಷ್ಠ ಶೇ 75ರಷ್ಟು, ನ್ಯೂಜೆರ್ಸಿಯಲ್ಲಿ ಶೇ 83ರಷ್ಟು ವಾಪಸು ಕೊಡಬೇಕೆಂಬ ನಿಯಮಗಳಿವೆ. ಅವುಗಳ ಛೇದವೂ ಪಣಕ್ಕಿಟ್ಟ ಮೊತ್ತವೇ.

ಇದೇ ಗೊಂದಲದ ಇನ್ನೊಂದು ಮುಖ ‘ಹೋಲ್ಡ್’. ಮೇಜಿನ ಮೇಲೊಂದು ಸಣ್ಣ ಸೀಳು ಇರುತ್ತದೆ. ಬಿಲ್ಲೆ ಕೊಳ್ಳಲು ಆಟಗಾರ ಕೊಟ್ಟ ನೋಟುಗಳನ್ನು ಬಿಡಿಸಿ ಹರಡಿ ತೋರಿಸಿದ ಮೇಲೆ ಚಪ್ಪಟೆ ಪಟ್ಟಿಯೊಂದರಿಂದ ಆ ಸೀಳಿನೊಳಗೆ ಒತ್ತಿ ಕೆಳಗಿನ ಪೆಟ್ಟಿಗೆಗೆ ಇಳಿಸುತ್ತಾರೆ. ಹಾಗೆ ಬಿದ್ದ ಮೊತ್ತಕ್ಕೆ ‘ಡ್ರಾಪ್’ ಎನ್ನುತ್ತಾರೆ. ಅದರಲ್ಲಿ ಕ್ಯಾಸಿನೊಗೆ ಉಳಿದ ಪಾಲು ಹೋಲ್ಡ್. ನೂರಕ್ಕೆ ಬಿಲ್ಲೆ ಕೊಂಡವರು ಎಂಬತ್ತರೊಂದಿಗೆ ಎದ್ದು ಹೋದರೆ ಹೋಲ್ಡ್ ಶೇ 20. ಅದೇ ಮೇಜಿನ ಹೌಸ್ ಎಡ್ಜ್ 2.70. ಎರಡೂ ಏಕಕಾಲಕ್ಕೆ ನಿಜ. ಆ ನೂರು ಬಿಲ್ಲೆಗಳು ಹೋಗಿ ಬಂದು ಒಟ್ಟು 740ರಷ್ಟು ಪಣವಾದರೆ, ಅದರ ಶೇ 2.70 ಸುಮಾರು ಇಪ್ಪತ್ತೇ ಆಗುತ್ತದೆ. ಹೋಲ್ಡ್ ನೋಡಿದವರು ‘ಚಕ್ರದಲ್ಲಿ ಮೋಸವಿದೆ’ ಎನ್ನುತ್ತಾರೆ, ಎಡ್ಜ್ ನೋಡಿದವರು ‘ಪಾಪ, ಕ್ಯಾಸಿನೊಗಳ ಲಾಭ ಇಷ್ಟು ತೆಳುವೇ’ ಎಂದು ಮರುಗುತ್ತಾರೆ. ಇಬ್ಬರಿಗೂ ಛೇದ ಬೇಕಾಗಿಲ್ಲ.

ಕ್ರಾಪ್ಸ್‌ಗೆ ಬಂದರೆ ಇದು ಇನ್ನೂ ಸ್ವಾರಸ್ಯಕರ. ಎರಡು ದಾಳಗಳ ಮೊತ್ತದ ಮೇಲೆ ಪಣ ಕಟ್ಟುವ ಈ ಆಟದಲ್ಲಿ ಮೊದಲ ಎಸೆತಕ್ಕೆ ಮುನ್ನ ಕಟ್ಟುವ ಪಾಸ್ ಲೈನ್ ಬಾಜಿಯ ಎಡ್ಜ್ 1.41. ಆರರ ಮೇಲೆ ಕಟ್ಟುವ ಪ್ಲೇಸ್ ಬಾಜಿಯದು 1.52. ಆದರೆ ಕೆಲವು ಪಟ್ಟಿಗಳಲ್ಲಿ ಎರಡನೆಯದಕ್ಕೆ 0.46 ಎಂದು ಬರೆದು ಮೊದಲನೆಯದಕ್ಕಿಂತ ಮೇಲೆ ಕೂರಿಸಿರುತ್ತಾರೆ. ಎಲ್ಲಿಂದ ಬಂತು ಈ 0.46? ಪ್ಲೇಸ್ ಬಾಜಿ ಇತ್ಯರ್ಥವಾಗಲು ಆರು ಬೀಳಬೇಕು ಇಲ್ಲವೇ ಏಳು ಬೀಳಬೇಕು. 36ರಲ್ಲಿ ಅಂಥ ಎಸೆತಗಳು 11. ಉಳಿದ ಎಸೆತಗಳಲ್ಲಿ ಬಾಜಿ ಸುಮ್ಮನೆ ಮೇಜಿನ ಮೇಲೆ ಕುಳಿತಿರುತ್ತದೆ. ಅವನ್ನೂ ಎಣಿಕೆಗೆ ಸೇರಿಸಿ ‘ಪ್ರತಿ ಎಸೆತಕ್ಕೆ’ ಎಂದು ಭಾಗಿಸಿದರೆ 0.46. ಒಂದನ್ನು ಬಾಜಿಯಿಂದ, ಇನ್ನೊಂದನ್ನು ಎಸೆತದಿಂದ ಭಾಗಿಸಿ ಪಕ್ಕಪಕ್ಕದಲ್ಲಿ ನಿಲ್ಲಿಸುವುದು ಹೋಲಿಕೆಯೇ ಅಲ್ಲ.

ಕ್ರಾಪ್ಸ್‌ನ ‘ಆಡ್ಸ್’ ಬಾಜಿಯಂತೂ ಪಟ್ಟಿಕಾರರ ಅಚ್ಚುಮೆಚ್ಚು. ಮೊದಲ ಎಸೆತದಲ್ಲಿ ಬಿದ್ದ ಅಂಕಿ ಏಳಕ್ಕಿಂತ ಮೊದಲು ಮತ್ತೆ ಬೀಳುತ್ತದೆ ಎಂದು ಕಟ್ಟುವ ಬಾಜಿಯದು, ಅದರ ಎಡ್ಜ್ ನಿಜಕ್ಕೂ ಸೊನ್ನೆ. ನಾಲ್ಕು ಮತ್ತು ಹತ್ತಕ್ಕೆ ಒಂದಕ್ಕೆ ಎರಡು, ಐದು ಮತ್ತು ಒಂಬತ್ತಕ್ಕೆ ಎರಡಕ್ಕೆ ಮೂರು, ಆರು ಮತ್ತು ಎಂಟಕ್ಕೆ ಐದಕ್ಕೆ ಆರು ಎಂದು ಸಂಭವಕ್ಕೆ ತಕ್ಕ ದರವನ್ನೇ ಕೊಡುತ್ತಾರೆ. ಆದರೆ ಪಾಸ್ ಲೈನ್‌ನಂಥ ಬಾಜಿಯೊಂದನ್ನು ಮೊದಲೇ ಕಟ್ಟಿರದೆ ಇದನ್ನು ಕಟ್ಟುವಂತಿಲ್ಲ. ಪಾಸ್ ಲೈನ್ ಜೊತೆಗೆ ಎರಡು ಪಟ್ಟು ಆಡ್ಸ್ ಕಟ್ಟಿದರೆ ‘ಎಡ್ಜ್ 0.61ಕ್ಕೆ ಇಳಿಯುತ್ತದೆ’ ಎಂದು ಬರೆಯುತ್ತಾರೆ. ಇಳಿಯಿತು ನಿಜ, ಹೇಗೆ? ಪಾಸ್ ಲೈನ್‌ನಲ್ಲಿಟ್ಟ ಒಂದು ಬಿಲ್ಲೆಯ ಮೇಲೆ ಸರಾಸರಿ 0.0141 ಬಿಲ್ಲೆ ನಷ್ಟ ಮೊದಲೂ ಇತ್ತು, ಈಗಲೂ ಇದೆ, ಒಂದು ಕೂದಲೂ ಕೊಂಕಿಲ್ಲ. ಮೇಜಿನ ಮೇಲಿಟ್ಟ ಒಟ್ಟು ಹಣ ಹೆಚ್ಚಾಯಿತು, ಛೇದ ದೊಡ್ಡದಾಯಿತು, ಶೇಕಡಾ ಚಿಕ್ಕದಾಯಿತು. ನಷ್ಟ ಕಡಿಮೆಯಾಗಬೇಕೆಂದು ಹೆಚ್ಚು ಹಣ ಇಡುವವರಿಗೆ ಈ ಅಂಕಿ ಮಾಡುವ ಉಪಕಾರ ಅಷ್ಟರಲ್ಲೇ ಇದೆ.

ಕೆರಿಬಿಯನ್ ಸ್ಟಡ್ ಎಂಬ ಇಸ್ಪೀಟು ಆಟದಲ್ಲಿ ಇದರ ತಿರುವುಮುರುವು. ಮೊದಲು ಕಟ್ಟುವ ಆಂಟಿ ಪಣದ ಮೇಲೆ ಲೆಕ್ಕ ಹಾಕಿದರೆ ಎಡ್ಜ್ 5.22. ಆದರೆ ಎಲೆಗಳನ್ನು ನೋಡಿದ ಮೇಲೆ ಆಟ ಮುಂದುವರಿಸುವವರು ಆಂಟಿಯ ಎರಡರಷ್ಟು ಮತ್ತೆ ಇಡಬೇಕು. ಇಟ್ಟದ್ದನ್ನೆಲ್ಲ ಸೇರಿಸಿ ಭಾಗಿಸಿದರೆ 2.56. ಮೊದಲ ಅಂಕಿ ಹಿಡಿದರೆ ಈ ಆಟ ಯುರೋಪಿಯನ್ ರೂಲೆಟ್‌ಗಿಂತ ಎಷ್ಟೋ ಕೆಟ್ಟದ್ದು, ಎರಡನೆಯದನ್ನು ಹಿಡಿದರೆ ತುಸು ಒಳ್ಳೆಯದು. ಹೌಸ್ ಎಡ್ಜ್ ಎಂದರೆ ಮೊದಲ ಪಣದ ಮೇಲಿನ ಲೆಕ್ಕ ಎಂಬುದೇ ರೂಢಿ. ಒಟ್ಟು ಪಣದ ಮೇಲಿನದ್ದನ್ನು ಬರೆಯುವವರು ಹಾಗೆಂದು ಹೇಳಿ ಬರೆಯಲಿ.

ಎಲೆಗಳ ಮೊತ್ತವನ್ನು 21 ದಾಟದಂತೆ ಅದರ ಹತ್ತಿರಕ್ಕೆ ತರಬೇಕಾದ ಬ್ಲ್ಯಾಕ್‌ಜಾಕ್‌ನ ಮುಂದೆ ‘ಶೇ 0.5’ ಎಂದು ಬರೆದು ಮುಂದೆ ಹೋಗುತ್ತಾರೆ. ಆ ಅರ್ಧ ಶೇಕಡಾ ಒಳ್ಳೆಯ ನಿಯಮಗಳ ಮೇಜಿನಲ್ಲಿ, ಪ್ರತಿ ಎಲೆಗೂ ಲೆಕ್ಕದ ಪ್ರಕಾರವೇ ನಡೆಯುವವರಿಗೆ ಮಾತ್ರ. ಬಾಲ್ಡ್‌ವಿನ್, ಕ್ಯಾಂಟಿ, ಮೈಸೆಲ್, ಮೆಕ್‌ಡರ್ಮಟ್ ಎಂಬ ನಾಲ್ವರು 1956ರಲ್ಲಿ ಪ್ರಕಟಿಸಿದ ಲೆಕ್ಕಾಚಾರದಿಂದ ಶುರುವಾದ ಆ ಕ್ರಮಕ್ಕೆ ಬೇಸಿಕ್ ಸ್ಟ್ರಾಟೆಜಿ ಎನ್ನುತ್ತಾರೆ. ಮನಸ್ಸಿಗೆ ತೋಚಿದಂತೆ ಎಲೆ ಕೇಳುವವರಿಗೆ ಆ 0.5 ಅನ್ವಯಿಸುವುದಿಲ್ಲ. ಎಕ್ಕದ ಜೊತೆಗೆ ಹತ್ತರ ಬೆಲೆಯ ಎಲೆ ಬಂದಾಗ ಎರಡಕ್ಕೆ ಮೂರು ಕೊಡುವ ಬದಲು ಐದಕ್ಕೆ ಆರು ಕೊಡುವ ಮೇಜುಗಳೂ ಇವೆ. ವ್ಯತ್ಯಾಸ ಪಣದ 0.3 ಪಾಲು, ಅಂಥ ಜೋಡಿ ಬರುವುದು ಸುಮಾರು 21 ಆಟಗಳಿಗೊಮ್ಮೆ. ಭಾಗಿಸಿದರೆ ಎಡ್ಜ್‌ಗೆ ಶೇ 1.4ರಷ್ಟು ಸೇರ್ಪಡೆ. ಹೆಸರು ಅದೇ, ಮೇಜು ಅದೇ ಹಸಿರು, ಎಡ್ಜ್ ಮಾತ್ರ ಮೂರುಪಟ್ಟು ದಾಟಿತು.

ಅದೇ ಮೇಜಿನ ‘ಇನ್ಶೂರೆನ್ಸ್’ ಬಗ್ಗೆ ಒಂದು ಮಾತು. ಎಲೆ ಹಂಚುವವರ ತೆರೆದ ಎಲೆ ಎಕ್ಕವಾಗಿದ್ದಾಗ ಕೊಡುವ ಈ ಬಾಜಿ ಯಾವ ನಷ್ಟವನ್ನೂ ತುಂಬಿಕೊಡುವುದಿಲ್ಲ. ಮುಚ್ಚಿದ ಎಲೆ ಹತ್ತರ ಬೆಲೆಯದೇ ಎಂದು ಕಟ್ಟುವ ಪ್ರತ್ಯೇಕ ಪಣವದು. ಹದಿಮೂರು ಬಗೆಯ ಎಲೆಗಳಲ್ಲಿ ಹತ್ತು, ಗುಲಾಮ, ರಾಣಿ, ರಾಜ ಈ ನಾಲ್ಕು ಬಂದರೆ ಗೆಲುವು, ದರ ಒಂದಕ್ಕೆ ಎರಡು. ಹದಿಮೂರು ಸಲ ಕಟ್ಟಿದರೆ ಸರಾಸರಿ ಎಂಟು ಬರುತ್ತದೆ, ಒಂಬತ್ತು ಹೋಗುತ್ತದೆ. 13ಕ್ಕೆ 1 ಎಂದರೆ ಶೇ 7.7ರ ಹತ್ತಿರ. ಇಸ್ಪೀಟು ಕಟ್ಟುಗಳು ಕಡಿಮೆಯಾದಷ್ಟೂ ಅದು ಚೂರು ಇಳಿಯುತ್ತದೆ.

ಬ್ಯಾಂಕರ್, ಪ್ಲೇಯರ್ ಎಂಬ ಎರಡು ಕೈಗಳಲ್ಲಿ ಯಾವುದು ಗೆಲ್ಲುತ್ತದೆ, ಅಥವಾ ಎರಡೂ ಸಮವಾಗಿ ಟೈ ಆಗುತ್ತದೆಯೇ ಎಂದು ಪಣ ಕಟ್ಟುವ ಬ್ಯಾಕರಾಟ್ ಸರಳ: ಬ್ಯಾಂಕರ್ 1.06, ಪ್ಲೇಯರ್ 1.24, ಒಂದಕ್ಕೆ ಎಂಟು ಕೊಡುವ ಟೈ 14.36. ಬ್ಯಾಂಕರ್ ಗೆಲುವಿನ ಮೇಲೆ ಕಡಿತವಾಗುವ ಶೇ 5ರ ಕಮಿಷನ್ ಈ 1.06ರೊಳಗೇ ಸೇರಿದೆ. ಅದನ್ನು ಮತ್ತೆ ಕೂಡಿಸಿ 6.06 ಎನ್ನುವವರಿಗೆ ಉತ್ತರಿಸುವುದನ್ನು ಬಿಟ್ಟಿದ್ದೇನೆ.

ಎಡ್ಜ್‌ನ ಅಂಕಿಯೊಂದರಿಂದಲೇ ಆಟಗಳನ್ನು ಅಳೆಯುವವರು ವೇಗವನ್ನೂ ಮರೆಯುತ್ತಾರೆ. ಗಂಟೆಗೆ 40 ಸಲ ತಿರುಗುವ ಒಂದೇ ಸೊನ್ನೆಯ ಚಕ್ರದಲ್ಲಿ ಸಲಕ್ಕೊಂದು ಬಿಲ್ಲೆ ಇಟ್ಟರೆ ಗಂಟೆಯ ಸರಾಸರಿ ನಷ್ಟ ಒಂದು ಬಿಲ್ಲೆಗಿಂತ ಚೂರು ಹೆಚ್ಚು. ಗಂಟೆಗೆ 600 ಸಲ ಗುಂಡಿ ಒತ್ತುವ ಸ್ಲಾಟ್‌ನಲ್ಲಿ ಎಡ್ಜ್ ಶೇ 4 ಆದರೆ ನಷ್ಟ 24 ಬಿಲ್ಲೆ. ಎಡ್ಜ್‌ನಲ್ಲಿ ಒಂದೂವರೆ ಪಟ್ಟು ಮಾತ್ರ ವ್ಯತ್ಯಾಸ, ಗಂಟೆಯ ಲೆಕ್ಕದಲ್ಲಿ ಇಪ್ಪತ್ತು ಪಟ್ಟಿಗೂ ಮಿಗಿಲು.

ಸ್ಲಾಟ್‌ನ ಎಡ್ಜ್ ಅನ್ನು ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ. ವಿಡಿಯೊ ಪೋಕರ್‌ನದ್ದನ್ನು ಹೇಳಬಹುದು. ‘ಜಾಕ್ಸ್ ಆರ್ ಬೆಟರ್’ ಯಂತ್ರದ ದರಪಟ್ಟಿಯಲ್ಲಿ ಫುಲ್ ಹೌಸ್ ಮತ್ತು ಫ್ಲಶ್ ಎಂಬ ಎಲೆಕೂಟಗಳ ಸಾಲುಗಳನ್ನು ನೋಡಿ. ಅಲ್ಲಿ 9 ಮತ್ತು 6 ಇದ್ದರೆ, ತಪ್ಪಿಲ್ಲದೆ ಆಡುವವರಿಗೆ ವಾಪಸು ಶೇ 99.54. ಅವೇ ಸಾಲುಗಳಲ್ಲಿ 8 ಮತ್ತು 5 ಇದ್ದರೆ 97.30. ಎರಡೂ ಯಂತ್ರಗಳ ಹೊರರೂಪ ಒಂದೇ, ಸದ್ದು ಒಂದೇ. ‘ವಿಡಿಯೊ ಪೋಕರ್: ಶೇ 99.5’ ಎಂದು ಒಂದೇ ಸಾಲಿನಲ್ಲಿ ಮುಗಿಸುವ ಪಟ್ಟಿ ಈ ಎರಡರ ನಡುವಿನ ಭೇದವನ್ನು ನುಂಗಿಹಾಕುತ್ತದೆ.

ಇನ್ನು ಆಟಗಾರರು ತಮ್ಮತಮ್ಮಲ್ಲೇ ಆಡುವ ಪೋಕರ್‌ಗೆ ಈ ಪಟ್ಟಿಗಳಲ್ಲಿ ಜಾಗವೇ ಇರಬಾರದು. ಅಲ್ಲಿ ಕ್ಯಾಸಿನೊ ಎದುರಾಳಿಯಾಗಿ ಕೂರುವುದಿಲ್ಲ. ನಡುವೆ ಕೂಡಿದ ಹಣದಿಂದ ‘ರೇಕ್’ ಎಂಬ ಪಾಲನ್ನು ಎತ್ತಿಕೊಳ್ಳುತ್ತದೆ, ಅಥವಾ ಕೂತ ಹೊತ್ತಿಗೆ ಶುಲ್ಕ ತೆಗೆದುಕೊಳ್ಳುತ್ತದೆ. ಉಳಿದದ್ದು ಯಾರ ಪಾಲಿಗೆ ಎಂಬುದು ಎದುರು ಕೂತವರು ಎಂಥ ಆಟಗಾರರು ಎಂಬುದರ ಮೇಲಿದೆ. ಅದರ ಮುಂದೆ ಹೌಸ್ ಎಡ್ಜ್ ಎಂದು ಬರೆದ ಅಂಕಿ ಯಾವುದೇ ಇರಲಿ, ಅದನ್ನು ಹೊಡೆದುಹಾಕಬಹುದು.