ಸ್ವಿಟ್ಜರ್ಲೆಂಡ್ ತಟಸ್ಥ ದೇಶವಾದರೆ ಅದರ ಸೈನಿಕರು ಕೊಸೊವೊದಲ್ಲಿ ಏಕಿದ್ದಾರೆ?

ಪ್ರಶ್ನೆ: ಸ್ವಿಟ್ಜರ್ಲೆಂಡ್ ಯಾರ ಜಗಳಕ್ಕೂ ಹೋಗದ ದೇಶ ಎಂದು ಓದಿದ್ದೇವೆ. ಆದರೆ ಅದರ ಸೈನಿಕರು ಕೊಸೊವೊದಲ್ಲಿದ್ದಾರೆ. 2022ರಲ್ಲಿ ಅದು ರಷ್ಯಾದ ಮೇಲೆ ನಿರ್ಬಂಧವನ್ನೂ ಹೇರಿತು. ಇದು ಯಾವ ಬಗೆಯ ತಾಟಸ್ಥ್ಯ?

ಉತ್ತರ: ನಮ್ಮಲ್ಲಿ ‘ಅಲಿಪ್ತ’ ಮತ್ತು ‘ತಟಸ್ಥ’ ಎಂಬ ಎರಡು ಪದಗಳನ್ನು ಒಂದೇ ಅರ್ಥದಲ್ಲಿ ಬಳಸುವುದರಿಂದ ಈ ಗೊಂದಲ ಹುಟ್ಟುತ್ತದೆ. ಅಲಿಪ್ತತೆ ಒಂದು ವಿದೇಶಾಂಗ ನೀತಿಯಷ್ಟೇ; ಅಲಿಪ್ತ ಭಾರತ 1971ರಲ್ಲಿ ಯುದ್ಧ ಮಾಡಿತು, 1987ರಲ್ಲಿ ಶ್ರೀಲಂಕಾಕ್ಕೆ ಸೇನೆಯನ್ನೂ ಕಳುಹಿಸಿತು. ಸ್ವಿಟ್ಜರ್ಲೆಂಡಿನ ಶಾಶ್ವತ ತಾಟಸ್ಥ್ಯವಾದರೋ 1815ರಲ್ಲಿ ಯುರೋಪಿನ ದೊಡ್ಡ ರಾಷ್ಟ್ರಗಳು ಮಾನ್ಯ ಮಾಡಿದ ಕಾನೂನಿನ ಸ್ಥಾನಮಾನ. ಅದರ ಕರ್ತವ್ಯಗಳನ್ನು 1907ರ ಹೇಗ್ ಒಪ್ಪಂದಗಳು ಬರೆದಿಟ್ಟಿವೆ: ಯುದ್ಧನಿರತ ರಾಷ್ಟ್ರದ ಸೇನೆಗಾಗಲಿ ಅದರ ಯುದ್ಧಸಾಮಗ್ರಿಗಾಗಲಿ ತನ್ನ ನೆಲದ ಮೇಲೆ ದಾರಿ ಕೊಡುವಂತಿಲ್ಲ, ಮತ್ತು ಖಾಸಗಿ ಶಸ್ತ್ರಾಸ್ತ್ರ ರಫ್ತಿಗೆ ಮಿತಿ ಹಾಕಿದರೆ ಅದು ಎರಡೂ ಪಕ್ಷಗಳಿಗೆ ಸಮನಾಗಿ ಅನ್ವಯಿಸಬೇಕು. ಒಬ್ಬರ ಕೃತ್ಯವನ್ನು ತಪ್ಪೆಂದು ಹೇಳಬಾರದು ಎಂದಾಗಲಿ, ವ್ಯಾಪಾರ ನಿಲ್ಲಿಸಬಾರದು ಎಂದಾಗಲಿ ಅಲ್ಲಿ ಎಲ್ಲಿಯೂ ಇಲ್ಲ.

ಹೀಗಾಗಿ ಯಾವುದೇ ವಿದೇಶಿ ಸೇನಾ ಹಸ್ತಕ್ಷೇಪ ನಡೆದಾಗ ಸ್ವಿಸ್ ಸರ್ಕಾರ ಮೊದಲು ನೋಡುವುದು ಅದಕ್ಕೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅನುಮತಿ ಇದೆಯೇ ಎಂಬುದನ್ನು. ಅನುಮತಿ ಇದ್ದರೆ ಅದು ಇಬ್ಬರ ನಡುವಿನ ಯುದ್ಧವಲ್ಲ, ಅಂತರರಾಷ್ಟ್ರೀಯ ವ್ಯವಸ್ಥೆಯನ್ನು ಕಾಯುವ ಕ್ರಮ ಎಂಬುದು 1990ರ ದಶಕದಿಂದ ಅದು ತಳೆದಿರುವ ನಿಲುವು. 1999ರ ಒಂದೇ ವರ್ಷದಲ್ಲಿ ಈ ನಿಲುವಿನ ಎರಡೂ ಮುಖಗಳು ಕಂಡವು. ಮಾರ್ಚ್‌ನಲ್ಲಿ ನೇಟೊ ಭದ್ರತಾ ಮಂಡಳಿಯ ಅನುಮತಿಯಿಲ್ಲದೆ ಕೊಸೊವೊ ಆಗ ಸೇರಿದ್ದ ಯುಗೊಸ್ಲಾವಿಯಾದ ಮೇಲೆ ಬಾಂಬ್ ದಾಳಿ ಆರಂಭಿಸಿದಾಗ, ಸ್ವಿಟ್ಜರ್ಲೆಂಡ್ ಅದರ ಯುದ್ಧವಿಮಾನಗಳಿಗೆ ತನ್ನ ವಾಯುಪ್ರದೇಶವನ್ನು ಬಿಟ್ಟುಕೊಡಲಿಲ್ಲ. ನೆರೆಯ ಆಸ್ಟ್ರಿಯಾ ಕೂಡ ಹಾಗೆಯೇ ಮಾಡಿತು. ಅದೇ ಹೊತ್ತಿನಲ್ಲಿ ಸ್ವಿಸ್ ಸೇನೆಯ ಹೆಲಿಕಾಪ್ಟರ್‌ಗಳು ಆಲ್ಬೇನಿಯಾದಲ್ಲಿ ನಿರಾಶ್ರಿತರಿಗೆ ನೆರವಿನ ಸಾಮಗ್ರಿ ಸಾಗಿಸುತ್ತಿದ್ದವು. ಜೂನ್‌ನಲ್ಲಿ ಭದ್ರತಾ ಮಂಡಳಿ ಕೊಸೊವೊದಲ್ಲಿ ಅಂತರರಾಷ್ಟ್ರೀಯ ಪಡೆ ನೆಲೆಸಲು ಅನುಮತಿ ಕೊಡುವ 1244ನೆಯ ನಿರ್ಣಯ ಅಂಗೀಕರಿಸಿದ ಮೇಲೆಯೇ ‘ಸ್ವಿಸ್‌ಕಾಯ್’ ಎಂಬ ಸ್ವಯಂಸೇವಕ ಪಡೆ ಶಾಂತಿಪಾಲನೆಗೆಂದು ಕೊಸೊವೊ ತಲುಪಿದ್ದು. ಆ ಪಡೆ ಆತ್ಮರಕ್ಷಣೆಗೆ ಆಯುಧ ಹಿಡಿಯಬಹುದೇ ಎಂಬುದು 2001ರಲ್ಲಿ ಜನಮತಗಣನೆಯವರೆಗೆ ಹೋಗಿ, ಅತ್ಯಲ್ಪ ಅಂತರದಲ್ಲಿ ಒಪ್ಪಿಗೆ ಪಡೆಯಿತು. 2003ರಲ್ಲಿ ಇರಾಕ್ ಮೇಲೆ ಅಮೆರಿಕ ದಾಳಿ ಮಾಡಿದಾಗಲೂ ಯುದ್ಧಕ್ಕೆ ಸಂಬಂಧಿಸಿದ ಸೇನಾ ಹಾರಾಟಕ್ಕೆ ಸ್ವಿಟ್ಜರ್ಲೆಂಡ್ ಅನುಮತಿ ನಿರಾಕರಿಸಿತು.

ಇನ್ನು ರಷ್ಯಾದ ವಿಚಾರ. 2022ರ ಫೆಬ್ರುವರಿ 24ರಂದು ಉಕ್ರೇನ್ ಮೇಲೆ ಆಕ್ರಮಣವಾಯಿತು. ಮೊದಲು ಹಿಂದೆಮುಂದೆ ನೋಡಿದ ಸರ್ಕಾರ 28ರಂದು ಯುರೋಪಿಯನ್ ಒಕ್ಕೂಟದ ನಿರ್ಬಂಧಗಳನ್ನು ತನ್ನದಾಗಿಸಿಕೊಂಡಿತು. ಆರ್ಥಿಕ ನಿರ್ಬಂಧ ಹೇಗ್ ನಿಯಮಗಳ ವ್ಯಾಪ್ತಿಗೆ ಬಾರದ ಕಾರಣ ಇದಕ್ಕೆ ಕಾನೂನಿನ ಅಡ್ಡಿಯಿರಲಿಲ್ಲ. ಆದರೆ ತನ್ನಲ್ಲಿದ್ದ ಸ್ವಿಸ್ ತಯಾರಿಕೆಯ ಮದ್ದುಗುಂಡುಗಳನ್ನು ಉಕ್ರೇನಿಗೆ ಕೊಡಲು ಜರ್ಮನಿ ಅನುಮತಿ ಕೇಳಿದಾಗ ಅದೇ ಸರ್ಕಾರ ಆಗದು ಎಂದಿತು. ರಷ್ಯಾಕ್ಕೆ ಕೊಡದ್ದನ್ನು ಉಕ್ರೇನಿಗೂ ಕೊಡುವಂತಿಲ್ಲ ಎಂಬ ಸಮಾನತೆಯ ನಿಯಮ ಓದಲು ನ್ಯಾಯವಾಗಿ ಕಾಣುತ್ತದೆ. ದಾಳಿ ಮಾಡಿದವನನ್ನೂ ದಾಳಿಗೆ ಒಳಗಾದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದರಿಂದ ನಷ್ಟವಾಗುವುದು ಎರಡನೆಯವನಿಗೇ ಎಂದು ನನಗನ್ನಿಸುತ್ತದೆ. ಸ್ವಿಟ್ಜರ್ಲೆಂಡಿನ ಒಳಗೂ ಜಗಳ ಇದರ ಮೇಲೆಯೇ, ಆದರೆ ಎರಡು ದಿಕ್ಕಿನಿಂದ: ಶಸ್ತ್ರಾಸ್ತ್ರದ ನಿಯಮ ಸಡಿಲವಾಗಲಿ ಎನ್ನುವವರು ಒಂದೆಡೆ, ನಿರ್ಬಂಧ ಹೇರಿದ್ದೇ ತಪ್ಪು, ತಾಟಸ್ಥ್ಯವನ್ನು ಸಂವಿಧಾನದಲ್ಲಿ ಇನ್ನಷ್ಟು ಬಿಗಿಯಾಗಿ ಬರೆಯಬೇಕು ಎಂದು ಸಹಿ ಸಂಗ್ರಹಿಸಿ 2024ರಲ್ಲಿ ಸಲ್ಲಿಸಿದವರು ಇನ್ನೊಂದೆಡೆ.